ಬಾರದ ಕಾಮಾಲೆಗೆ ಹಾಕಿಸಿದ ಬರೆ

ನಾನು ಮೊದಲು ನೋಡಿದ್ದು ಅವಳ ಬಾಯಿಯನ್ನು. ಬೇರೆಯವರ ತುಟಿಗೆ ಧ್ವನಿ ಕೊಡುವ ಕೆಲಸದಲ್ಲಿ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ತುಟಿ ಯಾವಾಗ ಮುಚ್ಚುತ್ತದೆ, ಯಾವಾಗ ಬಿಚ್ಚುತ್ತದೆ, ಮಾತು ಮುಗಿದ ಮೇಲೂ ಎಷ್ಟು ಹೊತ್ತು ತೆರೆದೇ ಇರುತ್ತದೆ, ಇದನ್ನೆಲ್ಲ ಗುರುತು ಮಾಡಿಕೊಂಡ ಮೇಲೆ ಮುಖ. ಪರದೆಯ ಮೇಲಿನ ಹುಡುಗಿಯ ತುಟಿ ಒಣಗಿತ್ತು. ಅಂಗೈಯಲ್ಲಿದ್ದ ಗುಳಿಗೆಯನ್ನು ನಾಲಿಗೆಯ ಮೇಲಿಟ್ಟುಕೊಂಡು, ಸ್ಟೀಲಿನ ಲೋಟದಿಂದ ನೀರು ಕುಡಿದು, ಅವಳು ಹಿಂದಿಯಲ್ಲಿ "ಇದೊಂದೇ, ಆಮೇಲೆ ಇಲ್ಲ" ಎನ್ನುತ್ತಿದ್ದಳು. ಅದನ್ನು ಕನ್ನಡದಲ್ಲಿ ಹೇಳಬೇಕಾದವಳು ನಾನು.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಥಿಯೇಟರುಗಳಲ್ಲಿ ಮುಖ್ಯ ಚಿತ್ರಕ್ಕೆ ಮೊದಲು ತೋರಿಸುವ ಕಪ್ಪು ಬಿಳುಪಿನ ಕಿರುಚಿತ್ರಗಳು ಮುಂಬಯಿಯಲ್ಲಿ ತಯಾರಾಗಿ, ಅಲ್ಲಿಯೇ ಎಲ್ಲ ಭಾಷೆಗಳನ್ನೂ ಮಾತಾಡಲು ಕಲಿತು, ಆಯಾ ಸೀಮೆಗೆ ಹೋಗುತ್ತಿದ್ದವು. ತಾಡದೇವದ ಒಂದು ಓಣಿಯ ಸ್ಟುಡಿಯೋದಲ್ಲಿ ನಾನು ಕನ್ನಡದ ಹೆಣ್ಣುಧ್ವನಿ. ರೈತನ ಹೆಂಡತಿ, ದಾದಿ, ಮಗುವಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಲು ಹೆದರುವ ತಾಯಿ, ಎಲ್ಲ ಆಗಿದ್ದೆ. ಹುಬ್ಬಳ್ಳಿಯಿಂದ ಯಾರಾದರೂ ಬಂದರೆ ಅವ್ವನಿಗೆ ಸಂಭ್ರಮ. "ನಿಮ್ಮ ಮಗಳ ಧ್ವನಿ ಕೇಳಿದಿವಿ ನೋಡ್ರಿ, ಬಾವ್ಯಾಗ ಪುಡಿ ಹಾಕ್ರಿ ಅಂತ ಒಂದ ಸಮನ ಹೇಳಾಕತ್ತಿತ್ತು" ಎಂದು ಅವರು ಹೇಳುವರು. ಅವ್ವ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕುವಳು.

ಆ ಕೆಲಸಕ್ಕೆ ಸೇರುವ ಮೊದಲು ನಾನು ಎಂ.ಎ. ಓದುತ್ತಿದ್ದೆ. ಓದುವುದಕ್ಕೆ ಎಚ್ಚರ ಇರಲೆಂದು ಒಂದು ಗುಳಿಗೆ ಶುರುವಾಯಿತು, ಹಾಸ್ಟೆಲಿನ ಗೆಳತಿಯರೆಲ್ಲ ತೆಗೆದುಕೊಳ್ಳುತ್ತಿದ್ದದ್ದೇ. ಎಚ್ಚರ ಹೋಗದಾದಾಗ ನಿದ್ದೆಗೆ ಇನ್ನೊಂದು. ಪರೀಕ್ಷೆ ಮುಗಿಯಿತು, ಗುಳಿಗೆ ಮುಗಿಯಲಿಲ್ಲ. ಮುಲುಂಡಿನ ಮನೆಗೆ ಮರಳಿದ ಮೇಲೆ ಸ್ಟೇಷನ್ ಪಕ್ಕದ ಔಷಧಿ ಅಂಗಡಿಯವನು ನನ್ನನ್ನು ನೋಡಿದೊಡನೆ ಡ್ರಾಯರಿಗೆ ಕೈ ಹಾಕುವಷ್ಟು ಪರಿಚಿತನಾದ. ಆಮೇಲೆ ತಲೆ ಬಾಚುವುದು ದೊಡ್ಡ ಕೆಲಸವಾಯಿತು. ಒಂದೇ ಪುಟವನ್ನು ತೆರೆದಿಟ್ಟುಕೊಂಡು ಕೂರುತ್ತಿದ್ದೆ. ಊಟದ ತಾಟಿನಲ್ಲಿ ಅನ್ನ ಒಣಗುತ್ತಿತ್ತು. ಒಂದು ಬೆಳಿಗ್ಗೆ ಅವ್ವ ಎಷ್ಟು ಅಲುಗಾಡಿಸಿದರೂ ನಾನು ಏಳಲಿಲ್ಲ. ಆಸ್ಪತ್ರೆಯಲ್ಲಿ ಬಹಳ ದಿನ ಇದ್ದೆ.

ಬಿಡುಗಡೆಯ ದಿನ ಡಾಕ್ಟರು, ವಯಸ್ಸಾದ ಪಾರ್ಸಿ ಹೆಂಗಸು, ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡು ಹೇಳಿದ್ದು ಇಷ್ಟೇ. ನಿದ್ದೆ ಬರದ ರಾತ್ರಿಗಳು ಇನ್ನೂ ಬರುತ್ತವೆ, ಅದರಿಂದ ಯಾರೂ ಸಾಯುವುದಿಲ್ಲ. ಬರಲಿಲ್ಲವೆಂದು ಬೆಳಿಗ್ಗೆ ಮನೆಯಲ್ಲಿ ಯಾರಿಗಾದರೂ ಹೇಳು. ಮುಚ್ಚಿಡಲು ಶುರು ಮಾಡಿದರೆ ಮತ್ತೆ ಅಂಗಡಿಯ ದಾರಿ ಹಿಡಿದೆ ಎಂದು ತಿಳಿ.

ಆದರೆ ನಮ್ಮ ಮನೆಯಲ್ಲಿ ಮುಚ್ಚಿಡುವುದು ನಾನು ಆಸ್ಪತ್ರೆಯಲ್ಲಿರುವಾಗಲೇ ಶುರುವಾಗಿತ್ತು. ಅವ್ವ ಬಿಲ್ಡಿಂಗಿಗೆಲ್ಲ ಕಾಮಾಲೆ ಎಂದು ಹೇಳಿಬಿಟ್ಟಿದ್ದಳು. ಫೋರ್ಟ್‌ನ ಬ್ಯಾಂಕಿನಲ್ಲಿದ್ದ ಅಪ್ಪ ಅವಳು ಹೇಳಿದ್ದನ್ನೇ ಆಫೀಸಿನಲ್ಲೂ ಹೇಳಿದ. ಕಾಮಾಲೆ ಅಂದ ಮೇಲೆ ಕಾಮಾಲೆಯ ಹಾಗೆ ಇರಬೇಕಲ್ಲ. ನಾನು ಮನೆಗೆ ಬಂದ ಮೇಲೆ ಒಗ್ಗರಣೆಯಿಲ್ಲದ ಅಡುಗೆ, ಎಣ್ಣೆಯಿಲ್ಲದ ಪಲ್ಯ, ನೆರೆಯವರು ತಂದುಕೊಡುವ ಕಬ್ಬಿನ ಹಾಲು. ಅಪ್ಪನೂ ಸಪ್ಪೆ ಊಟ ಮಾಡಿದ.

ಸುದ್ದಿ ದಹಿಸರಿನಲ್ಲಿದ್ದ ಅತ್ತೆಗೂ ಮುಟ್ಟಿತು. ಅಪ್ಪನ ಅಕ್ಕ ಅವಳು, ಅವಳ ಮಾತಿಗೆ ನಮ್ಮ ಮನೆಯಲ್ಲಿ ಎದುರಿಲ್ಲ. "ಡಾಕ್ಟರಿಗೆ ಕಾಮಣಿ ಏನ್ ತಿಳೀತೈತಿ? ಬರಿ ಹಾಕಸ್ರಿ, ತಿಂಗಳಾಗೂದ್ರಾಗ ಕುದರಿ ಆಗ್ತಾಳ" ಎಂದು ಬಂದು ಕುಳಿತಳು. ಅವಳ ಚಾಳಿನ ಹಿಂದೆ ನಮ್ಮ ಕಡೆಯ ಮುದುಕನೊಬ್ಬ ಕಾಮಾಲೆಗೆ ಬರೆ ಹಾಕುತ್ತಿದ್ದ. ಬೇಡವೆನ್ನಲು ಅವ್ವನಿಗೆ ಕಾರಣ ಸಿಗಲಿಲ್ಲ. ಇದ್ದ ಒಂದೇ ಕಾರಣವನ್ನು ಅವಳು ಹೇಳುವಂತಿರಲಿಲ್ಲ. ಮುದುಕ ಅರಿಶಿನದ ಕೊಂಬಿನ ತುದಿಯನ್ನು ಕೆಂಡದಲ್ಲಿ ಕಾಯಿಸಿ ನನ್ನ ಎಡ ಮುಂಗೈಗೆ ಒತ್ತಿದಾಗ ಅವ್ವ ನನ್ನ ಬಲಗೈ ಹಿಡಿದುಕೊಂಡಿದ್ದಳು. ಅವಳು ಗೋಡೆಯನ್ನು ನೋಡುತ್ತಿದ್ದಳು. ಹುಣಸೆ ಬೀಜದಷ್ಟು ದೊಡ್ಡ ಗುರುತು ಉಳಿಯಿತು. ನಾನು ಅದರ ಮೇಲೆ ಗಡಿಯಾರ ಕಟ್ಟಿಕೊಳ್ಳುತ್ತೇನೆ.

ಅಂದಿನಿಂದ ಪ್ರತಿ ಬೆಳಿಗ್ಗೆ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು: "ನಿದ್ದಿ ಬಂತೇನು?" ನಾನು "ಬಂತು" ಎನ್ನುತ್ತಿದ್ದೆ. ಬಂದಿರುತ್ತಿರಲಿಲ್ಲ. ಅವಳ ಮುಖದಲ್ಲಿ ಆ ಉತ್ತರಕ್ಕೆ ಮಾತ್ರ ಜಾಗವಿತ್ತು ಎಂದು ನನಗೆ ಅನ್ನಿಸುತ್ತಿತ್ತು.

ಕಿರುಚಿತ್ರಗಳ ಕನ್ನಡ ಪ್ರತಿ ಬರೆಯುತ್ತಿದ್ದವರು ಉಡುಪಿ ಕಡೆಯ ಹಿರಿಯರೊಬ್ಬರು. ಹಗಲು ಫೋರ್ಟ್‌ನಲ್ಲಿ ಗುಮಾಸ್ತಿಕೆ, ಸಂಜೆ ಮತ್ತು ರಜೆಯ ದಿನಗಳಲ್ಲಿ ಈ ಅನುವಾದ. ನಮ್ಮನ್ನು ಮೈಕಿನ ಮುಂದೆ ತಿದ್ದುವವರೂ ಅವರೇ. ಈ ಹುಡುಗಿಯ ಚಿತ್ರಕ್ಕೆ ಅವರು ಕೊಟ್ಟ ಹಾಳೆಗಳನ್ನು ನಾನು ಮುಲುಂಡಿನಿಂದ ಬರುವ ಲೋಕಲ್‌ನಲ್ಲಿ ಓದಿದೆ. ಕಾಲೇಜು ಹುಡುಗಿ, ನಿದ್ದೆಯ ಗುಳಿಗೆ, ಕುಸಿತ, ಆಸ್ಪತ್ರೆ, ಗುಣ. ನನ್ನ ಎರಡು ವರ್ಷ ಒಂದು ರೀಲಿನಲ್ಲಿ ಮುಗಿಯುತ್ತಿತ್ತು. ಕುರ್ಲಾ ಬರುವುದರೊಳಗೆ ಹಾಳೆಗಳನ್ನು ಚೀಲಕ್ಕೆ ತುರುಕಿ ಎದ್ದು ಬಾಗಿಲಿಗೆ ಬಂದು ನಿಂತಿದ್ದೆ, ನಾನು ಇಳಿಯಬೇಕಾದದ್ದು ಇನ್ನೂ ಮುಂದೆ, ದಾದರಿನಲ್ಲಿ. ಈ ಕೆಲಸ ಬೇಡವೆನ್ನಬಹುದಿತ್ತು. ಬೇಡವೆಂದರೆ ಏಕೆಂದು ಹೇಳಬೇಕು.

ಆಗ ಡಬ್ಬಿಂಗಿಗೆ ಫಿಲ್ಮನ್ನು ಚಿಕ್ಕ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನ ಎರಡು ತುದಿಯನ್ನೂ ಅಂಟಿಸಿ ಬಳೆಯ ಹಾಗೆ ಮಾಡುತ್ತಿದ್ದರು. ಅದಕ್ಕೆ ಲೂಪ್ ಎನ್ನುತ್ತಿದ್ದರು. ಮಾತು ತುಟಿಗೆ ಸರಿಯಾಗಿ ಕೂರುವ ತನಕ ಆ ತುಂಡು ನಿಲ್ಲದೆ ಸುತ್ತುತ್ತದೆ. ಹೀಗಾಗಿ ಅವಳು ಗುಳಿಗೆ ನುಂಗಿದಳು, ಇದೊಂದೇ ಎಂದಳು, ಒಂದು ಕಪ್ಪು ಚೌಕ ಬಂತು, ಮತ್ತೆ ಗುಳಿಗೆ ನುಂಗಿದಳು. ನಾನು ಗಡಿಯಾರದ ಪಟ್ಟಿಯನ್ನು ಬಿಚ್ಚಿ ಕಟ್ಟಿ ಮಾಡುತ್ತಿದ್ದೆ. ಬಾಯಲ್ಲಿ ಸೀಮೆಸುಣ್ಣದಂಥ ಆ ಹಳೆಯ ಕಹಿ ಬಂತು. ಕಾಲಿನ ಬೆರಳುಗಳು ಚಪ್ಪಲಿಯೊಳಗೆ ತಾವೇ ಮಡಚಿಕೊಳ್ಳುತ್ತಿದ್ದವು.

ಮುಂದಿನ ತುಂಡಿನಲ್ಲಿ ಹುಡುಗಿ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಾಳೆ. ನಾನು ಮಾತನ್ನು ಮಾತ್ರ ಹೇಳಿದೆ, ಅಳಲಿಲ್ಲ.

ಗಾಜಿನ ಆಚೆಯಿಂದ ಮರಾಠಿ ರೆಕಾರ್ಡಿಸ್ಟ್ ಅಳು ಎಲ್ಲಿ ಹೋಯಿತೆಂದು ಕೂಗಿದ: "ಬಾಯಿ, ರೋನಾ ಕಿಧರ್ ಗಯಾ? ಪಿಕ್ಚರ್ ಮೇ ತೋ ಪೂರಾ ಗಂಗಾ-ಜಮುನಾ ಹೈ!"

"ಆಗ ಅಳು ಬರುವುದಿಲ್ಲ" ಎಂದೆ.

ಹಿರಿಯರು ಕನ್ನಡಕದ ಮೇಲಿಂದ ನೋಡಿದರು. "ಯಾವಾಗ?"

"ಹಾಗಾದಾಗ. ಅಳುವುದಕ್ಕೂ ಶಕ್ತಿ ಬೇಕಲ್ಲ."

"ಎಂತ ಮಾರಾಯ್ತಿ, ನಿಮ್ಮ ಮನೆಯಲ್ಲಿ ಯಾರಿಗಾದ್ರೂ ಇಂಥದ್ದು..."

"ಇಲ್ಲ. ನನಗೆ ಕಾಮಾಲೆಯಾಗಿತ್ತು."

ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡರು. "ನಿಮಗೆ ಎಂತ ಆಗಿತ್ತು ಅಂತ ನಾನು ಕೇಳ್ಲಿಲ್ಲ" ಎಂದು ಮೆಲ್ಲಗೆ ಹೇಳಿ ರೆಕಾರ್ಡಿಸ್ಟನ ಕಡೆ ತಿರುಗಿ ತಮ್ಮ ಉಡುಪಿಯ ಹಿಂದಿಯಲ್ಲಿ ಹೇಳಿದರು. "ಅಳು ಹಿಂದಿಯದ್ದೇ ಇರಲಿ ಭಾಯಿ. ಅಳುವುದಕ್ಕೆ ಎಂತ ಭಾಷೆ? ಕೊನೆಯದು ನಾಳೆ ಮಾಡುವ."

ಸಂಜೆ ಮುಲುಂಡಿನಲ್ಲಿ ಇಳಿದಾಗ ಕಾಲು ಮನೆಯ ಕಡೆ ತಿರುಗಲಿಲ್ಲ. ಸೇತುವೆ ಹತ್ತಿದೆ, ಇಳಿದೆ, ಮತ್ತೆ ಹತ್ತಿದೆ. ತರಕಾರಿಯವಳ ಹತ್ತಿರ ಬೇಡದ ಮೆಂತ್ಯೆಸೊಪ್ಪಿನ ಬೆಲೆ ಕೇಳಿದೆ. ಔಷಧಿ ಅಂಗಡಿಯ ಎದುರಿನ ಕಂಬದ ಬಳಿ ನಿಂತೆ. ಎರಡು ವರ್ಷ ಆ ಫುಟ್‌ಪಾತನ್ನು ಬಿಟ್ಟು ಎದುರಿನದರಲ್ಲೇ ನಡೆದಿದ್ದೆ. ಯಾವಾಗ ರಸ್ತೆ ದಾಟಿದೆನೋ ತಿಳಿಯಲಿಲ್ಲ, ಕೌಂಟರಿನ ಗಾಜು ಕೈಗೆ ತಣ್ಣಗೆ ತಗುಲಿತು.

ಬಹಳ ದಿನದ ಮೇಲೆ ಕಂಡ ನನ್ನನ್ನು ನೋಡಿ ಅಂಗಡಿಯವನು ನಕ್ಕ. "ಬಹುತ್ ದಿನ್ ಬಾದ್, ಬೆಹನ್‌ಜೀ" ಎನ್ನುತ್ತ ಕೇಳದೆಯೇ ಡ್ರಾಯರ್ ಎಳೆದ.

ಆ ಡ್ರಾಯರಿನ ಸದ್ದು ನನಗೆ ಗೊತ್ತಿತ್ತು. ಅರ್ಧಕ್ಕೆ ಒಮ್ಮೆ ಸಿಕ್ಕಿಕೊಂಡು ಆಮೇಲೆ ಬರುತ್ತದೆ. ಅದು ಸಿಕ್ಕಿಕೊಂಡ ಆ ಗಳಿಗೆಯಲ್ಲಿ ನಾನು "ಗಲೇ ಕೇ ಲಿಯೇ" ಎಂದೆ, ಗಂಟಲಿಗೆ ಎಂದು. ಧ್ವನಿಯ ಕೆಲಸ, ಗಂಟಲು ಕಟ್ಟಿದೆ ಎಂದು ಸೇರಿಸಿದೆ. ಅವನು ನನ್ನನ್ನು ನೋಡಿ ಡ್ರಾಯರ್ ಮುಚ್ಚಿದ. ಚೀಪುವ ಗುಳಿಗೆಗಳನ್ನು ಡಬ್ಬಿಯಿಂದ ತೆಗೆದು, ಅದೇ ಹಳೆಯ ಬಿಳಿ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ.

ಅವ್ವ ಮನೆಯಲ್ಲಿ ನನ್ನ ಚೀಲದಿಂದ ಊಟದ ಡಬ್ಬಿ ತೆಗೆಯುವುದು ದಿನದ ಪದ್ಧತಿ. ಡಬ್ಬಿಯ ನೆಪದಲ್ಲಿ ಅವಳ ಕೈ ಚೀಲದ ಮೂಲೆಮೂಲೆಗೂ ಹೋಗಿಬರುತ್ತದೆಂದು ನನಗೂ ಗೊತ್ತು, ನನಗೆ ಗೊತ್ತೆಂದು ಅವಳಿಗೂ ಗೊತ್ತು. ಅವತ್ತು ಕೈ ಹೊರಗೆ ಬಂದಾಗ ಅದರಲ್ಲಿ ಪೊಟ್ಟಣವಿತ್ತು.

"ಏನಿದು?"

"ಗಂಟಲದ್ದು."

ಅವಳು ಬಿಚ್ಚಿದಳು. ಬಿಳಿಯ, ದುಂಡನೆಯ ಗುಳಿಗೆಗಳು. ಸಂಜೆಯ ಬೆಳಕಿನಲ್ಲಿ ನನಗೇ ಅನುಮಾನ ಬರುವ ಹಾಗಿದ್ದವು. ಅವಳು ಒಂದನ್ನು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು.

"ಅವ್ವಾ!"

ಅವಳು ಕೈಯೆತ್ತಿ ಸುಮ್ಮನಿರು ಎಂದಳು. ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು, ಸೆರಗನ್ನು ಸುತ್ತಲೂ ಬಿಗಿಯಾಗಿ ಹೊದ್ದು, ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಳು. ಅವಳು ಕಾಯುತ್ತಿದ್ದಳು. ನಾನು ಬಿದ್ದ ಹಾಗೆ ತಾನೂ ಬೀಳುತ್ತೇನೋ ನೋಡೋಣ ಎಂದು ಕುಳಿತಿದ್ದಳು. ಒಲೆಯ ಮೇಲೆ ಬೇಳೆ ಉಕ್ಕಿ ಬೆಂಕಿ ಚರ್ ಎಂದಿತು. ನಾನು ಹೋಗಿ ಸ್ಟೋವ್ ತಗ್ಗಿಸಿದೆ. ಅವಳ ಕೆನ್ನೆಯೊಳಗೆ ಗುಳಿಗೆ ಅತ್ತಿಂದಿತ್ತ ಹೊರಳುವುದು ಕಾಣುತ್ತಿತ್ತು.

ಬಹಳ ಹೊತ್ತಾದ ಮೇಲೆ ಒಂದು ಕಣ್ಣು ತೆರೆದಳು. "ಪೆಪ್ಪರಮಿಂಟ್ ಇದ್ದಂಗ ಐತಿ."

"ಹೇಳಿದೆನಲ್ಲ, ಗಂಟಲದ್ದು ಅಂತ."

"ಹೇಳಿದಿ" ಎಂದಳು. "ಆವಾಗೂ ಹಂಗs ಏನಾರ ಹೇಳ್ತಿದ್ದಿ." ಎದ್ದು ಬೇಳೆಗೆ ಉಪ್ಪು ಹಾಕಿದಳು. ಆಸ್ಪತ್ರೆಯಿಂದ ಬಂದ ಮೇಲಿನ ಎರಡು ವರ್ಷಗಳಲ್ಲಿ "ಆವಾಗ" ಎಂಬ ಕಾಲವೊಂದು ಇತ್ತೆಂದು ನಮ್ಮಿಬ್ಬರಲ್ಲಿ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆದರೂ ಮರುದಿನ ಬೆಳಿಗ್ಗೆ ಅವಳು ಬಾಗಿಲಲ್ಲಿ ನಿಂತು ಕೇಳಿದಳು, ನಾನು "ಬಂತು" ಎಂದೆ.

ಕೊನೆಯ ತುಂಡಿನಲ್ಲಿ ಹುಡುಗಿ ಕಿಟಕಿಯ ಕಡೆ ಮುಖ ಮಾಡಿ ನಿಂತಿರುತ್ತಾಳೆ. ತಾಯಿ ಹಾಲಿನ ಲೋಟ ಹಿಡಿದು ಬಾಗಿಲಿಗೆ ಬರುತ್ತಾಳೆ. ಹುಡುಗಿ ತಿರುಗದೆಯೇ ಹೇಳಬೇಕಾದ ಮಾತು: "ಅಮ್ಮಾ, ನಾನೀಗ ಸಂಪೂರ್ಣ ಗುಣವಾಗಿದ್ದೇನೆ."

ನನಗೆ ಅದನ್ನು ಹೇಳಲು ಬರಲಿಲ್ಲ. ಒಮ್ಮೆ ಬೇಗ ಶುರು ಮಾಡಿದೆ, ಒಮ್ಮೆ ಉಸಿರು ಸಾಲಲಿಲ್ಲ, ಒಮ್ಮೆ "ಸಂಪೂರ್ಣ"ದ ಮೇಲೆ ಧ್ವನಿ ಒಡೆಯಿತು. ಹುಡುಗಿಯ ಬೆನ್ನು, ಜಡೆ, ಕಿಟಕಿ, ಕಪ್ಪು ಚೌಕ, ಮತ್ತೆ ಬೆನ್ನು.

"ತುಟಿಯೇ ಕಾಣುದಿಲ್ಲವಲ್ಲ ಮಾರಾಯ್ತಿ" ಹಿರಿಯರು ರೇಗಿದರು. "ಇಡೀ ಚಿತ್ರದಲ್ಲಿ ಸುಲಭದ್ದು ಇದೊಂದೇ. ಬೆನ್ನಿಗೆ ಎಂತ ಹೇಳಿದ್ರೂ ಕೂರ್ತದೆ. ನಿಮ್ಮ ಧಾರವಾಡದ ಪೇಡೆಯ ಬೆಲೆ ಹೇಳಿದ್ರೂ ಕೂರ್ತದೆ!"

ರೆಕಾರ್ಡಿಸ್ಟ್ ಗಾಜಿನ ಆಚೆ ಆಕಳಿಸಿದ. ಲೂಪ್ ಮತ್ತೆ ಬಂತು. ಬೆನ್ನು ಕಂಡಿತು. ನಾನು ಹೇಳಿದೆ: "ಅಮ್ಮಾ, ನಿನ್ನೆಯೂ ನಿದ್ದೆ ಬರಲಿಲ್ಲ."

ಮಾತು ಸರಿಯಾಗಿ ಕೂತಿತ್ತು. ಕನ್ನಡ ಬಾರದ ರೆಕಾರ್ಡಿಸ್ಟ್ ಹೆಬ್ಬೆರಳೆತ್ತಿದ. "ಯೇ ಏಕದಂ ಬರಾಬರ್. ಓಕೆ?"

ಹಿರಿಯರು ಓಕೆ ಎನ್ನಲಿಲ್ಲ. ಹಾಳೆ ನೋಡಿದರು, ನನ್ನನ್ನು ನೋಡಿದರು. ನಾನು ಪಟ್ಟಿ ಬಿಚ್ಚಿದ ಗಡಿಯಾರವನ್ನು ಕೈಯಲ್ಲೇ ಹಿಡಿದು ನಿಂತಿದ್ದೆ. ಅವರ ಕಣ್ಣು ಮುಂಗೈಯ ಮೇಲೆ ಒಂದು ಕ್ಷಣ ನಿಂತು ಮುಂದೆ ಹೋಯಿತು.

"ಚಿತ್ರ ಗುಣವಾಗುವುದರ ಬಗ್ಗೆ. ನಿದ್ದೆ ಬರಲಿಲ್ಲ ಅಂತ ಮುಗಿಸಿದ್ರೆ ಗುಣ ಎಲ್ಲಿ ಆಯ್ತು?"

"ಗುಣ ಆಗುವುದು ಹಾಗೆಯೇ" ಎಂದೆ.

ಅವರು ಕುರ್ಚಿಯಲ್ಲಿ ಹಿಂದೆ ಒರಗಿದರು. "ಕನ್ನಡ ಪ್ರತಿ ಓದುವವ ಈ ಮುಂಬಯಿಯಲ್ಲಿ ನಾನೊಬ್ಬನೇ. ಆದ್ರೂ ಅದಕ್ಕೆ ಸಹಿ ಹಾಕುವವನೂ ನಾನೇ, ಹೆದರಿಕೆ ಉಂಟಲ್ಲ. ಒಂದು ಕೆಲಸ ಮಾಡುವ. ಮೊದಲಿನ ಮಾತು ನಿಮ್ಮದು, ಎರಡನೆಯದು ನನ್ನದು. 'ಅಮ್ಮಾ, ನಿನ್ನೆಯೂ ನಿದ್ದೆ ಬರಲಿಲ್ಲ. ಆದರೂ ಗುಣವಾಗುತ್ತೇನೆ.' ಆದೀತಾ?"

ಆದೀತು ಎಂದೆ. ಹಾಗೆಯೇ ಹೇಳಿದೆ. ತಾಡದೇವದಿಂದ ದಾದರಿನವರೆಗೆ ಬಸ್ಸು ಹತ್ತದೆ ನಡೆದುಕೊಂಡು ಹೋದೆ, ಒಂದು ಕಡೆ ನಿಲ್ಲಲು ಆಗುತ್ತಿರಲಿಲ್ಲ.

ಕನ್ನಡ ಪ್ರತಿ ಮುಂಬಯಿಯಲ್ಲಿ ಯಾರ ಕಿವಿಗೂ ಬೀಳುವುದಿಲ್ಲ, ಊರಿಗೆ ಹೋಗಿಬಿಡುತ್ತದೆ ಎಂಬುದು ನನ್ನ ಲೆಕ್ಕ. ಆದರೆ ಮಾಟುಂಗಾದ ಒಂದು ಥಿಯೇಟರಿನಲ್ಲಿ ಆಗಾಗ ಭಾನುವಾರ ಬೆಳಗಿನ ಆಟಕ್ಕೆ ಕನ್ನಡ ಚಿತ್ರ ಹಾಕುತ್ತಿದ್ದರು. ದಹಿಸರಿನಿಂದ, ಡೊಂಬಿವಲಿಯಿಂದ ಜನ ಮಕ್ಕಳುಮರಿ ಕಟ್ಟಿಕೊಂಡು ಬರುತ್ತಿದ್ದರು. ಮಳೆಗಾಲ ಮುಗಿದ ಮೇಲೆ ಅಂಥ ಒಂದು ಭಾನುವಾರ ನಾನು, ಅವ್ವ, ಅತ್ತೆ ಮೂವರೂ ಹೋಗಿದ್ದೆವು. ದೀಪ ಆರಿತು. ಪರದೆಯ ಮೇಲೆ ಒಣಗಿದ ತುಟಿ ಬಂತು, ನನ್ನ ಧ್ವನಿಯಲ್ಲಿ ಮಾತಾಡಿತು.

"ಏ, ನಮ್ಮ ಹುಡುಗಿ ಧ್ವನಿ!" ಅತ್ತೆ ಸಾಲಿಗೆಲ್ಲ ಕೇಳುವಂತೆ ಹೇಳಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಎದ್ದು ಹೋಗಬೇಕೆಂದರೆ ಆರು ಜೊತೆ ಮೊಣಕಾಲು ದಾಟಬೇಕಿತ್ತು. ಅವ್ವ ಪರದೆಯನ್ನೇ ನೋಡುತ್ತಿದ್ದಳು. ಹುಡುಗಿ ಗುಳಿಗೆ ನುಂಗಿದಾಗ ಅವಳ ಬಾಯೂ ಸಣ್ಣಗೆ ತೆರೆದುಕೊಂಡಿತು. ಕೊನೆಗೆ ಬೆನ್ನು ಬಂತು. ಅಷ್ಟು ದೊಡ್ಡ ಥಿಯೇಟರಿನಲ್ಲಿ ನನ್ನ ಧ್ವನಿ ಹೇಳಿತು, ನಿನ್ನೆಯೂ ನಿದ್ದೆ ಬರಲಿಲ್ಲ ಎಂದು.

ಮುಖ್ಯ ಚಿತ್ರದಲ್ಲಿ ಏನಿತ್ತು ಎಂದು ನನಗೆ ನೆನಪಿಲ್ಲ. ಇಂಟರ್ವಲ್‌ನಲ್ಲಿ ವಡಾ ತಿನ್ನುತ್ತ ಅತ್ತೆ ನಿಟ್ಟುಸಿರಿಟ್ಟಳು. "ಪಾಪ, ಎಂಥಾ ಜಡ್ಡು ಬರ್ತಾವ ಈಗಿನ ಹುಡುಗ್ಯಾರಿಗೆ. ಯಾರ ಮನೀದು ಇರಬೇಕ ಕತಿ?"

"ಕತಿ ಯಾರದೋ ಗೊತ್ತಿಲ್ಲ" ಎಂದಳು ಅವ್ವ. ಧ್ವನಿಯಲ್ಲಿ ಏರಿಳಿತವಿರಲಿಲ್ಲ. "ನಮ್ಮ ಮನ್ಯಾಗೂ ಇದs ಆಗಿತ್ತು, ಅಕ್ಕಾರ. ಈಕಿಗೆ ಕಾಮಣಿ ಆಗಿರಲಿಲ್ಲ."

ಅತ್ತೆಯ ವಡಾ ಬಾಯಿಯ ಹತ್ತಿರವೇ ನಿಂತಿತು. ಅತ್ತೆ ನನ್ನ ಎಡಗೈಯನ್ನು ಸರಕ್ಕನೆ ಎಳೆದುಕೊಂಡು, ಗಡಿಯಾರವನ್ನು ಮೇಲೆ ಸರಿಸಿ, ಗುರುತನ್ನು ನೋಡಿದಳು.

"ಮತ್ತ ಈ ಬರಿ?"

"ನೀವು ಹಾಕಸೂಣು ಅಂದ್ರಿ. ನಾ ಏನಂತ ಬ್ಯಾಡ ಅನ್ಲಿ?"

"ಅಯ್ಯ ನನ್ನ ದೇವರ! ನಾ ಈಕಿ ಕೈ ತೋರಿಸಿ ತೋರಿಸಿ ಅರ್ಧಾ ದಹಿಸರ್‌ಕ್ಕ ಬರಿ ಹಾಕಿಸೀನಲ್ಲs! ಕಾಮಣಿ ಇಳೀತು ನೋಡ್ರಿ ಅಂತ!" ಅತ್ತೆಯ ಕಣ್ಣು ನಮ್ಮಿಬ್ಬರ ಮೇಲೂ ಓಡಾಡಿತು. ಬೈಯುತ್ತಾಳೆಂದುಕೊಂಡೆ. ಅವಳು ವಡಾದ ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಆ ಗುರುತನ್ನು ಉಜ್ಜಿದಳು, ಅಳಿಸಿಹೋಗುತ್ತದೆಯೋ ಎಂಬಂತೆ. "ನನಗ ಹೇಳಬಾರದೇನs ತಂಗಿ? ಸುಮ್ಮ ಸುಮ್ಮನ ಸುಡಿಸಿದಿವಲ್ಲ" ಎಂದು ಅವ್ವನಿಗೆ ಹೇಳಿದಳು. ಗಂಟೆ ಹೊಡೆಯಿತು, ಒಳಗೆ ಹೋದೆವು.

ಮರಳಿ ಬರುವಾಗ ಲೋಕಲ್‌ನಲ್ಲಿ ಘಾಟಕೋಪರ್ ದಾಟಿದ ಮೇಲೆ ಜಾಗ ಸಿಕ್ಕಿತು, ನಾನು ಕೂರಲಿಲ್ಲ. ನಾಳೆಯಿಂದ ಬಿಲ್ಡಿಂಗಿನಲ್ಲಿ, ಚಾಳಿನಲ್ಲಿ, ಊರಿನಲ್ಲಿ ಯಾರು ಯಾರು ಏನೇನು ಹೇಳುತ್ತಾರೆ ಎಂದು ಲೆಕ್ಕ ಹಾಕುತ್ತ ಬಾಗಿಲ ಕಂಬಿ ಹಿಡಿದು ನಿಂತಿದ್ದೆ. ಹೇಳಿದರು ಕೂಡ, ಅದು ಬೇರೆ ಮಾತು.

ಮರುದಿನ ಬೆಳಿಗ್ಗೆ ಅವ್ವ ಅಡುಗೆಮನೆಯ ಬಾಗಿಲಿಗೆ ಬಂದಳು.

"ನಿದ್ದಿ ಬಂತೇನು?"

"ಇಲ್ಲ" ಎಂದೆ. "ಎಷ್ಟೋ ದಿನದಿಂದ ಇಲ್ಲ, ಅವ್ವಾ."

ಕೆಳಗೆ ಹಾಲಿನವನ ಸೈಕಲ್ಲಿನ ಗಂಟೆ ಕೇಳಿಸಿತು.

"ನನಗರೆ ಎಲ್ಲಿ ಬರ್ತದ" ಎಂದಳು. "ನೀ ಹೊಳ್ಳಿ ಹೊಳ್ಳಿ ಮಲಗೂದು ಕೇಳಿಕೋತ ಬಿದ್ದಿರ್ತೀನಿ." ಪಾತ್ರೆ ಎತ್ತಿಕೊಂಡು ಕೆಳಗಿಟ್ಟಳು. "ಚಾ ಇಡ್ಲೇನು?"

"ಇಡು" ಎಂದೆ. ಎದ್ದು ಹೋಗಿ ಹಾಲು ತೆಗೆದುಕೊಂಡು ಬಂದೆ.